ಮೊದಲ ವಾಹನದ ಆಯ್ಕೆ

ಗೃಹಸ್ಥನು ಮನೆಗೆ ತರುವ ಪ್ರತಿಯೊಂದು ವಸ್ತುವೂ ಸೌಕರ್ಯದೊಂದಿಗೆ ಒಂದು ಹೊಣೆಯನ್ನೂ ತರುತ್ತದೆ. ಮೋಟಾರ್ ಸೈಕಲ್ಲಿನ ಹೊಣೆಯಾದರೋ ಮನೆಯ ಹೊಸ್ತಿಲಿಗೆ ನಿಲ್ಲುವುದಿಲ್ಲ. ರಸ್ತೆಯಲ್ಲಿ ನಡೆಯುವ ಅಪರಿಚಿತರವರೆಗೂ ಅದು ಚಾಚಿಕೊಳ್ಳುತ್ತದೆ. ಹುಲಕೋಟಿಯ ಒಂದು ವ್ಯಾಪಾರಿ ಮನೆಯಲ್ಲಿ ನಡೆದ ಸಂಗತಿ ಇದನ್ನು ಮನಗಾಣಿಸುತ್ತದೆ.

ಆ ಮನೆಯ ಇಪ್ಪತ್ತು ವರ್ಷದ ತರುಣನು ಗದಗಿನ ಬಟ್ಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದನು. ದಿನವೂ ಹೋಗಿಬರಲು ಗಾಡಿಯೊಂದು ಬೇಕಾಯಿತು. ತಂದೆ ಒಪ್ಪಿದರು; ಎಲ್‌ಎಲ್‌ಆರ್ ಕೂಡ ಆಯಿತು. ಮಗನ ಮನಸ್ಸು ಮಾತ್ರ 350 ಸಿಸಿಯ ಗಾಡಿಯ ಮೇಲೆಯೇ ನೆಟ್ಟಿತ್ತು. ಹುಬ್ಬಳ್ಳಿ–ಗದಗ ಹೆದ್ದಾರಿಗೆ ದೊಡ್ಡ ಗಾಡಿಯೇ ಭದ್ರವೆಂದು ಅವನು ವಾದಿಸಿದನು. ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: “ತಮ್ಮಾ, ಗಾಡಿ ನಿನಗ ಬೇಕಾಗೈತೋ, ನಿನ್ನ ನೋಡೋ ಮಂದಿಗೆ ಬೇಕಾಗೈತೋ?”

ತರುಣನಿಗೆ ಆ ಮಾತು ರುಚಿಸಲಿಲ್ಲ. ಮರುವಾರ ಗೆಳೆಯನ ದೊಡ್ಡ ಗಾಡಿಯನ್ನು ಕೇಳಿ ತಂದು, ಕಾಲೇಜಿಗೆ ಹೊರಟಿದ್ದ ತಂಗಿಯನ್ನು ಹಿಂದೆ ಕೂರಿಸಿಕೊಂಡನು. ಹಿಂದಿನ ರಾತ್ರಿ ಮಳೆಯಾಗಿತ್ತು. ಹೊಲದಿಂದ ಬಂದ ಟ್ರ್ಯಾಕ್ಟರುಗಳ ಗಾಲಿಗಂಟಿದ ಎರೆಮಣ್ಣು ಹೆದ್ದಾರಿಯ ಅಂಚಿಗೆ ಬೆಣ್ಣೆಯಂತೆ ಬಳಿದುಕೊಂಡಿತ್ತು. ತಿರುವಿನಲ್ಲಿ ಹ್ಯಾಂಡಲ್ ಹೊರಳಿಸಿರುವಾಗಲೇ ಮುಂದಿನ ಬ್ರೇಕನ್ನು ಒತ್ತಿದನು. ಗಾಡಿ ನಡಿಗೆಯ ವೇಗದಲ್ಲಿಯೂ ಇರಲಿಲ್ಲ, ಆದರೂ ವಾಲಿತು. ಇನ್ನೂರು ಕಿಲೋ ಸಮೀಪದ ಭಾರವನ್ನು ಅವನ ಒಂದು ಕಾಲು ತಡೆಯದಾಯಿತು. ತಂಗಿಯ ಪಾದದ ಗಂಟು ಗಾಡಿಯ ಕೆಳಗೆ ಸಿಕ್ಕಿತು. ಮೂಳೆ ಮುರಿಯಲಿಲ್ಲವೆಂಬುದೊಂದೇ ಸಮಾಧಾನ.

ಮನೆಗೆ ಬಂದವನು ಕೆಸರನ್ನು ದೂರಿದನು. ಅಜ್ಜ ಗದರಲಿಲ್ಲ. “ಕೆಸರ ಇದ್ದದ್ದು ಖರೆ. ಅದು ಇರತೈತಿ ಅಂತ ನಿನಗ ಗೊತ್ತಿದ್ದದ್ದೂ ಖರೆ” ಎಂದರು. ಎಲ್‌ಎಲ್‌ಆರ್ ಇದ್ದವನು, ಕಲಿಸುವವರನ್ನುಳಿದು ಬೇರೆ ಯಾರನ್ನೂ ಹಿಂದೆ ಕೂರಿಸಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅದೂ ಅವನಿಗೆ ತಿಳಿದಿತ್ತು. ತಿಳಿದೂ ಎಚ್ಚರ ತಪ್ಪುವುದಕ್ಕೆ ನಮ್ಮ ಹಿರಿಯರು ಪ್ರಮಾದವೆಂದು ಹೆಸರಿಟ್ಟಿದ್ದಾರೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿರುವುದು ಸುಮ್ಮನೆ ಅಲ್ಲ. ನೋಯಿಸುವ ಇಚ್ಛೆ ಅವನಿಗೆ ಇರಲಿಲ್ಲ. ನೋವಾದದ್ದು ಮಾತ್ರ ನಿಜ.

ಅಜ್ಜನೂ ಒಂದು ಕಾಲಕ್ಕೆ ಯೆಜ್ಡಿ ಓಡಿಸಿದವರೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಆ ಗಾಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರು. ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಅಜ್ಜನ ಪಾಠ ಮುಚ್ಚಿರಲಿಲ್ಲ. ತಂಗಿಯ ಬಾವು ಇಳಿದ ಮೇಲೆ ಮೊಮ್ಮಗನನ್ನು ಕರೆದುಕೊಂಡು ಅವರು ಗದಗಿಗೆ ಹೋದರು. ಅಂಗಡಿಯವನು ಬೆಲೆ ಹೇಳುವ ಮೊದಲೇ ಮೂರು ಪರೀಕ್ಷೆ ಮಾಡಿಸಿದರು. ಸೀಟಿನ ಮೇಲೆ ಕುಳಿತರೆ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ತಾಗಬೇಕು. ಎಂಜಿನ್ ಬಂದ್ ಮಾಡಿ ಗಾಡಿಯನ್ನು ತಳ್ಳುತ್ತ, ಇಕ್ಕಟ್ಟಿನ ಜಾಗದಲ್ಲಿ ಒಬ್ಬನೇ ತಿರುಗಿಸಬೇಕು. ಯಾರ ಸಹಾಯವೂ ಇಲ್ಲದೆ ನಡು ಸ್ಟ್ಯಾಂಡಿಗೆ ಏರಿಸಬೇಕು. ಸುಮಾರು 110 ಕಿಲೋ ತೂಗುವ 100 ಸಿಸಿಯ ಹಳೆಯ ಗಾಡಿಯೊಂದು ಮೂರರಲ್ಲೂ ಗೆದ್ದಿತು.

ಹೊಸತೇಕೆ ಬೇಡವೆಂದು ತರುಣ ಕೇಳಿದ್ದಕ್ಕೆ ಅಜ್ಜ ವ್ಯಾಪಾರಿಯ ಉತ್ತರವನ್ನೇ ಕೊಟ್ಟರು. ಕಲಿಯುವವನ ಗಾಡಿ ಒಮ್ಮೆಯಾದರೂ ಬೀಳುವುದು. ಹಳೆಯದು ಬಿದ್ದರೆ ಹಾನಿ ಕಡಿಮೆ, ಕಂತಿನ ಸಾಲವೂ ಇಲ್ಲ. ಆರ್‌ಸಿ ಪುಸ್ತಕದ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಗಾಡಿಯೊಂದಿಗೆ ತಾಳೆ ನೋಡಿದರು; ವಿಮೆ ಚಾಲ್ತಿಯಲ್ಲಿರುವುದನ್ನು ಖಚಿತಪಡಿಸಿಕೊಂಡರು; ಟೈರಿನ ಸವೆತವನ್ನು ಪರೀಕ್ಷಿಸಿದರು. ಉಳಿದ ಹಣದಲ್ಲಿ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಂಡರು, ಒಂದಲ್ಲ, ಎರಡು.

ಒಂದು ತಿಂಗಳು ತರುಣನು ಬೆಳಗಿನ ಹೊತ್ತು ಊರಿನ ಬಯಲಿನಲ್ಲಿ ಅಜ್ಜನ ಎದುರಿಗೇ ಅಭ್ಯಾಸ ಮಾಡಿದನು: ಎರಡೂ ಬ್ರೇಕುಗಳನ್ನು ಹದವಾಗಿ ಒತ್ತುವುದು, ನಿಧಾನವಾಗಿ ಸಾಗಿ ಹೊರಳುವುದು, ತಿರುವಿಗೆ ಮುಂಚೆಯೇ ವೇಗವಿಳಿಸುವುದು. ಪಕ್ಕಾ ಲೈಸೆನ್ಸು ಕೈಗೆ ಬಂದ ಮರುದಿನ ಅವನು ಅಂಗಳದಲ್ಲಿ ಗಾಡಿ ನಿಲ್ಲಿಸಿ ಎರಡನೆಯ ಹೆಲ್ಮೆಟನ್ನು ತಂಗಿಯ ಮುಂದೆ ಹಿಡಿದನು. ಬಾ ಎಂದು ಕರೆಯುವ ಧೈರ್ಯ ಅವನಿಗಾಗಲಿಲ್ಲ. “ಅಣ್ಣಾ, ಸಾವಕಾಶ ಹೋಗು” ಎಂದಷ್ಟೇ ಹೇಳಿ ಅವಳು ಹತ್ತಿ ಕುಳಿತಳು.

ದೊಡ್ಡ ಗಾಡಿಯನ್ನು ಕೊಳ್ಳುವುದು ಪಾಪವಲ್ಲ; ಕೈ ಪಳಗಿದ ಮೇಲೆ ಅಗತ್ಯವಿದ್ದವರು ಕೊಳ್ಳಲಿ. ಮೊದಲ ಗಾಡಿಯ ಅಳತೆ ಮಾತ್ರ ಕೊಳ್ಳುವವನ ಶಕ್ತಿಗೂ ಅಭ್ಯಾಸಕ್ಕೂ ತಕ್ಕಂತಿರಬೇಕು. ಹಿಂದೆ ಕುಳಿತವರು ನಮ್ಮ ಕೈಗೆ ಒಪ್ಪಿಸುವುದು ತಮ್ಮ ಪ್ರಾಣವನ್ನು. ಆ ಠೇವಣಿಯನ್ನು ಕಾಪಾಡಬಲ್ಲೆವೇ ಎಂದು ಕೇಳಿಕೊಂಡ ನಂತರವೇ ಸಿಸಿ, ಬಣ್ಣ, ಬೆಲೆಗಳ ವಿಚಾರ.