ಬೇರೆಯವರ ಮನಸ್ಸು ಕೇಳಿಸಿದರೆ

ಮಧ್ಯವಾರ್ಷಿಕ ಪರೀಕ್ಷೆಯ ಅಂಕ ಬಂದ ವಾರವೇ ಭಾಯಿಯ ಲ್ಯಾಪ್‌ಟಾಪ್‌ನಲ್ಲಿ ‘ಸ್ಕ್ಯಾನರ್ಸ್’ ನೋಡಿದೆ. ಕೆನಡಾದ ಡೇವಿಡ್ ಕ್ರೋನೆನ್‌ಬರ್ಗ್ ನಿರ್ದೇಶಿಸಿ 1981ರಲ್ಲಿ ಬಿಡುಗಡೆಯಾದ ಸಿನಿಮಾ. ನಾನು ಕುಳಿತದ್ದು ಒಂದೇ ದೃಶ್ಯಕ್ಕೆ: ಸಭೆಯ ನಡುವೆ ಒಬ್ಬ ಬರೀ ಮನಶ್ಶಕ್ತಿಯಿಂದ ಪಕ್ಕದವನ ತಲೆ ಸಿಡಿಸುತ್ತಾನೆ. ಆಗ ಇಂದಿನಂಥ ಗ್ರಾಫಿಕ್ಸ್ ಇರಲಿಲ್ಲ. ಕೃತಕ ತಲೆಯೊಂದನ್ನು ಮಾಡಿ, ಹಿಂದಿನಿಂದ ಬಂದೂಕು ಹಾರಿಸಿ ಚಿತ್ರೀಕರಿಸಿದ್ದರು. ರಕ್ತ ನೋಡಲಾಗದವರು ಈ ಸಿನಿಮಾದಿಂದ ದೂರವಿರುವುದೇ ಒಳ್ಳೆಯದು.

ಕತೆಯಲ್ಲಿ ಗರ್ಭಿಣಿಯರಿಗೆ ‘ಎಫೆಮೆರಾಲ್’ ಎಂಬ ಔಷಧ ಕೊಡುತ್ತಾರೆ. ಹುಟ್ಟಿದ ಮಕ್ಕಳಿಗೆ ಇತರರ ಮನಸ್ಸು ಹೊಕ್ಕುವ ಶಕ್ತಿ ಬರುತ್ತದೆ. ನನಗೆ ಥ್ಯಾಲಿಡೊಮೈಡ್ ನೆನಪಾಯಿತು. 1950ರ ದಶಕದ ಕೊನೆಯಲ್ಲಿ ಗರ್ಭಿಣಿಯರು ನಂಬಿ ನುಂಗಿದ ಆ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು.

ನನ್ನನ್ನು ಹೆಚ್ಚು ಕಾಡಿದವನು ನಾಯಕ ಕ್ಯಾಮರಾನ್ ವೇಲ್. ಸುತ್ತಲಿನವರ ಯೋಚನೆಗಳೆಲ್ಲ ಅವನ ತಲೆಯಲ್ಲಿ ಗದ್ದಲ ಮಾಡುತ್ತವೆ. ಅದರಿಂದ ಬದುಕೇ ಹಾಳಾಗಿ, ಮನೆಯಿಲ್ಲದೆ ಅಲೆಯುತ್ತಾನೆ. ಇನ್ನೊಬ್ಬ ಸ್ಕ್ಯಾನರ್ ಶಿಲ್ಪಗಳನ್ನು ಮಾಡುತ್ತಾ ಹೇಗೋ ಬುದ್ಧಿ ಸ್ಥಿಮಿತದಲ್ಲಿ ಇಟ್ಟುಕೊಂಡಿರುತ್ತಾನೆ.

ಆ ವಾರ ನನಗೂ ಎಲ್ಲರ ಮನಸ್ಸು ಕೇಳಿಸುತ್ತಿತ್ತು. ಭೌತಶಾಸ್ತ್ರದಲ್ಲಿ 70ಕ್ಕೆ 18. ಮುಂದಿನ ಬೆಂಚಿನಲ್ಲಿ ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ಎನಿಸುತ್ತಿತ್ತು. ಮನೆಯಲ್ಲಿ ಅಬ್ಬಾ ಅಂಕಪಟ್ಟಿಗೆ ಸಹಿ ಹಾಕಿ ಸುಮ್ಮನಾದರು. ‘ಇವನಿಂದ ಏನೂ ಆಗಲ್ಲ’ ಎಂದು ಅವರು ಯೋಚಿಸುವುದು ಸ್ಪಷ್ಟವಾಗಿ ಕೇಳಿಸಿತು. ಹನ್ನೊಂದು ದಿನ ಅವರ ಜೊತೆ ಊಟಕ್ಕೆ ಕೂರಲಿಲ್ಲ.

ಕೊನೆಗೆ ಅಮ್ಮಿಯೇ ಬೈದರು: “ಟ್ಯೂಷನ್‌ಗೆ ದುಡ್ಡು ಹೊಂದಿಸೋದು ಹೇಗೆ ಅಂತ ನಿಮ್ಮ ಅಬ್ಬಾ ರಾತ್ರಿಯೆಲ್ಲಾ ನಿದ್ದೆ ಮಾಡ್ತಿಲ್ಲ. ನೀನು ನೋಡಿದ್ರೆ ಮುಖ ತಿರುಗಿಸ್ಕೊಂಡು ಓಡಾಡ್ತಿದ್ದೀಯ.”

ಎದೆಯೊಳಗಿನದನ್ನು ಅಲ್ಲಾಹನೊಬ್ಬನೇ ಬಲ್ಲ ಎಂದು ಚಿಕ್ಕಂದಿನಲ್ಲೇ ಮದರಸದಲ್ಲಿ ಕಲಿತಿದ್ದೆ. ಆದರೂ ಅಬ್ಬಾನ ಎದೆ ಓದಿದೆ ಎಂದುಕೊಂಡೆ. ವೇಲ್‌ಗೆ ಕೇಳುತ್ತಿದ್ದುದು ನಿಜವಾಗಿಯೂ ಬೇರೆಯವರ ದನಿ. ನನಗೆ ಕೇಳಿದ್ದು ನನ್ನದೇ ಹೆದರಿಕೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 31 ಬಂತು. ಈ ಸಲ ನಾನೇ ಅಬ್ಬಾನ ಪಕ್ಕ ಕೂತು, “ಏನನ್ನಿಸ್ತು ಅಬ್ಬಾ?” ಎಂದು ಕೇಳಿದೆ.

“ಮೊದಲು ಊಟ ಮಾಡು,” ಅಂದರು.