ಬೆಟ್ಟದ ನೆಲ್ಲಿಗೆ ಹಿಡಿದ ಉಪ್ಪಿಲು

ನೆಲ್ಲಿಕಾಯಿ ಉಪ್ಪಿನಕಾಯಿ ಹಾಕದ ಮನೆ ನಮ್ಮ ಕಡೆ ಅಪರೂಪ. ಆದರೆ ಆ ಕಾಯಿ ಬಿಡುವ ಮರದ ಕಷ್ಟ ಏನು ಅಂತ ನಾವು ಎಂದಾದರೂ ಕೇಳಿದ್ದೇವೆಯೇ, ಸೋದರಿಯರೇ? ಕಳೆದ ಪುಷ್ಯಮಾಸದಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರೆಗೆ ನಾನೂ ಕೇಳಿರಲಿಲ್ಲ.

ಯಳಂದೂರು ದಾಟಿ ಬಸ್ಸು ಬೆಟ್ಟ ಹತ್ತತೊಡಗಿದರೆ ಎರಡೂ ಕಡೆ ಕಾಡು. ರಂಗನಾಥಸ್ವಾಮಿಯ ದರ್ಶನ ಮುಗಿಸಿ, ಬಿಳಿಬಂಡೆಯ ಮೇಲಿನ ತಣ್ಣನೆ ಗಾಳಿಗೆ ಮುಖವೊಡ್ಡಿ ಕೆಳಗಿಳಿದೆವು. ಅಲ್ಲೊಬ್ಬ ಸೋಲಿಗರ ಅಜ್ಜಿ ನೆಲ್ಲಿಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದರು. ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದ ರಂಗನಾಥ ಸೋಲಿಗರಿಗೆ ದೇವರೂ ಹೌದು, ಭಾವನೂ ಹೌದು.

“ಯಾಕಜ್ಜಿ, ಕಾಯಿ ಇಷ್ಟು ಕಮ್ಮಿ?” ಅಂದೆ.

“ಮರಕ್ಕೆ ಉಪ್ಪಿಲು ಕುಂತದೆ ಕಣವ್ವ” ಎಂದು ಹತ್ತಿರದ ಮರ ತೋರಿಸಿದರು. ನೆಲ್ಲಿಯ ನವಿರಾದ ಎಲೆಗಳ ನಡುವೆ ಅಗಲ ಎಲೆಯ ದಟ್ಟ ಗೊಂಚಲು. “ಎಷ್ಟು ಹಸಿರಾಗಿದೆ!” ಅಂದುಬಿಟ್ಟೆ.

“ಆ ಹಸುರು ಮರದ್ದಲ್ಲ, ಮರ ತಿನ್ನೋದರದು.”

ನನ್ನೆದೆ ಧಸಕ್ಕೆಂದಿತು. ನಮ್ಮ ಅತ್ತೆ ನೆಟ್ಟ ಹಿತ್ತಲ ಮಾವಿನಲ್ಲೂ ಇಂಥದೇ ಗೊಂಚಲು. ಎರಡು ವರ್ಷದಿಂದ ಕಾಯಿ ಕಮ್ಮಿ.

ಉಪ್ಪಿಲು ಅಂದರೆ ನಾವು ಬಂದಳಿಕೆ, ಬದನಿಕೆ ಅನ್ನುವ ಜಾತಿಯದೇ. ಹೆಬ್ಬೆರಳುದ್ದದ ಬದನಿಕೆ ಹಕ್ಕಿ ಅದರ ಹಣ್ಣು ತಿಂದು, ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಹಚ್ಚುತ್ತದೆ. ಬೀಜ ಮೊಳೆತು, ತೊಗಟೆ ತೂರಿ, ಮರದೊಳಗಿನ ನೀರು, ಲವಣ ಹೀರುತ್ತದೆ. ಎಲೆ ಹಸಿರಾದ್ದರಿಂದ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಒಲೆ ತನ್ನದು, ನೀರು-ಉಪ್ಪು ನೆರೆಮನೆಯದು! ಹೆಚ್ಚಾದರೆ ಕೊಂಬೆ ಒಣಗುತ್ತದೆ, ಫಸಲು ಬೀಳುತ್ತದೆ, ಕೊನೆಗೆ ಮರವೂ ಸಾಯಬಹುದು.

ಹಿಂದೆ ಸೋಲಿಗರು ಬೇಸಿಗೆಗೆ ಮುಂಚೆ ‘ತರಗು ಬೆಂಕಿ’ ಹಾಕುತ್ತಿದ್ದರಂತೆ. ನೆಲದ ಒಣಗೆಲೆಯಷ್ಟೇ ಸುಡುವ ಸಣ್ಣ ಬೆಂಕಿ. ಅದರ ಕಾವಿಗೆ ಉಪ್ಪಿಲು ಹತೋಟಿಯಲ್ಲಿತ್ತು ಎನ್ನುತ್ತಾರೆ ಹಿರಿಯರು. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ನಿಂತಿತು. 2006ರ ಸುಮಾರಿಗೆ ಮಾರಾಟಕ್ಕೆ ಕಾಯಿ ಕೊಯ್ಯುವುದಕ್ಕೂ ತಡೆ ಬಿತ್ತು. ಕಾಯಿಗೆಂದು ಮರ ಹತ್ತಿದವರು ಉಪ್ಪಿಲನ್ನೂ ಕಡಿದು ಬರುತ್ತಿದ್ದರು. ಹತ್ತುವವರಿಲ್ಲದ ಮೇಲೆ ಕಡಿಯುವವರು ಯಾರು? 2011ರಲ್ಲಿ ಸೋಲಿಗರಿಗೆ ಕಾಡಿನ ಹಕ್ಕುಪತ್ರ ಸಿಕ್ಕಿತು. ಅಷ್ಟರಲ್ಲಿ ಎಷ್ಟೋ ಮರಗಳಿಗೆ ಉಪ್ಪಿಲು ಹಿಡಿದಿತ್ತು.

“ಮುಟ್ಟದೆ ಬಿಟ್ರೆ ಮರ ಚೆಂದಾಗಿರ್ತದೆ ಅಂದ್ಕಂಡವ್ರೆ. ದಿನಾ ನೋಡೋ ಕಣ್ಣು ಬೇಕು ಕಣವ್ವ” ಎಂದರು ಅಜ್ಜಿ. ಮಕ್ಕಳನ್ನು ಸಾಕಿದ ನಮಗೆ ಈ ಮಾತು ಅರ್ಥವಾಗದೆ?

ಊರಿಗೆ ಬಂದ ಮರುದಿನವೇ ಆಳು ಕರೆಸಿದೆ. ಗೊಂಚಲನ್ನು ಬರಿದೇ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಅಂಟಿದ ಜಾಗದಿಂದ ಬುಡದ ಕಡೆಗೆ ಒಂದು ಮೊಳ ಬಿಟ್ಟು, ಕೊಂಬೆಯನ್ನೇ ಕಡಿಸಬೇಕು. ಅದರ ಹಣ್ಣು ಮಾಗುವ ಮೊದಲೇ ಕಡಿಸಿದರೆ ಒಳ್ಳೆಯದು. ಅತ್ತೆಯ ಮರಕ್ಕೆ ಕೊಡಲಿ ಹಾಕುವಾಗ ಕಣ್ಣು ತುಂಬಿತು ನಿಜ. ಈಗ ಕಡಿದ ಕಡೆ ಕೆಂಪು ಚಿಗುರು ಬಂದಿದೆ.

ನಿಮ್ಮ ಹಿತ್ತಲ ಮರವನ್ನೂ ಇವತ್ತೊಮ್ಮೆ ತಲೆಯೆತ್ತಿ ನೋಡಿ.