ಸಡಿಲಿಸುವ ಖರ್ಚು

ಪ್ರತಿ ವರ್ಷದ ಒಂಬತ್ತನೇ ತರಗತಿಯಲ್ಲೂ ಕಿವಿ ಅಲ್ಲಾಡಿಸುವ ಹುಡುಗನೊಬ್ಬ ಇದ್ದೇ ಇರುತ್ತಿದ್ದ. ಅವನ ಪ್ರತಿಭೆ ಹೊರಬೀಳುತ್ತಿದ್ದದ್ದು ಸ್ನಾಯು ಅಂಗಾಂಶದ ಪಾಠದ ದಿನ. ನಾನು ಬೋರ್ಡಿನ ಒಂದು ಕಡೆ ‘ಐಚ್ಛಿಕ’, ಇನ್ನೊಂದು ಕಡೆ ‘ಅನೈಚ್ಛಿಕ’ ಎಂದು ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. “ಮೇಡಂ, ಇವನ ಕಿವಿ ಯಾವುದರಲ್ಲಿ ಬರುತ್ತೆ?” ಐಚ್ಛಿಕದಲ್ಲೇ ಬರುತ್ತೆ ಕಣೋ, ಹಸುವಿಗೆ ಇರೋ ಸ್ನಾಯು ನಮಗೂ ಇದೆ, ಆದರೆ ಅದಕ್ಕೆ ಆಜ್ಞೆ ಕೊಡೋದು ನಮ್ಮಲ್ಲಿ ಬಹಳ ಜನಕ್ಕೆ ಬರಲ್ಲ ಎನ್ನುತ್ತಿದ್ದೆ. ಆ ಇಡೀ ಪಾಠದಲ್ಲಿ ಮಕ್ಕಳಿಗೆ ನೆನಪುಳಿಯುತ್ತಿದ್ದದ್ದು ಅದೊಂದೇ. ಈಚೆಗೆ ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ತಲೆ ನರೆತವರೊಬ್ಬರು ನಮಸ್ಕಾರ ಹೇಳಿದರು. ನನಗೆ ಗುರುತು ಸಿಗಲಿಲ್ಲ. ಸಿಗಲಿ ಎಂದು ಕಿವಿ ಅಲ್ಲಾಡಿಸಿದರು.

ಪಾಠ ಮಾಡುವ ಕಾಲದಲ್ಲಿ ನನಗೆ ಐಚ್ಛಿಕ ಸ್ನಾಯುಗಳ ಮೇಲೆ ಸ್ವಲ್ಪ ಪಕ್ಷಪಾತವಿತ್ತು. ಮೂಳೆಗೆ ಅಂಟಿಕೊಂಡು ಕೆಲಸ ಮಾಡುವ ಇವು ಮೈಯಲ್ಲಿ 600ಕ್ಕೂ ಹೆಚ್ಚು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಚ್ಚುಕಟ್ಟಾದ ಅಡ್ಡಪಟ್ಟೆ; ಕೂರು ಎಂದರೆ ಕೂರುತ್ತವೆ, ಏಳು ಎಂದರೆ ಏಳುತ್ತವೆ. ಪಟ್ಟೆಯಿಲ್ಲದ ನುಣುಪು ಸ್ನಾಯುಗಳನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ಈಗ ನೋಡಿದರೆ ಅಂದು ಆಜ್ಞಾಧಾರಕರಾಗಿದ್ದವರೇ ಮೊದಲು ಕೈಕೊಟ್ಟಿದ್ದಾರೆ. ಮೂವತ್ತು ದಾಟಿದ ಮೇಲೆ ಇವು ಸದ್ದಿಲ್ಲದೆ ಕರಗಲು ಶುರುವಾಗಿ, ಅರವತ್ತರಾಚೆ ಇನ್ನೂ ಬೇಗ ಕರಗುತ್ತವಂತೆ. ಅಂತೆ ಏನು ಬಂತು, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಅಲ್ಲೇ ಉಳಿದಿದೆಯಲ್ಲ. ಆದರೆ ಯಾವತ್ತೂ ನನ್ನ ಮಾತು ಕೇಳದ ನುಣುಪು ಸ್ನಾಯುಗಳು ತಿಂದ ಮುದ್ದೆಯನ್ನು ಕರುಳಿನುದ್ದಕ್ಕೂ ದೂಡುತ್ತಿವೆ, ಬಿಸಿಲಿಗೆ ಕಣ್ಣಿನ ಪಾಪೆ ಕಿರಿದಾಗಿಸುತ್ತಿವೆ, ಒಳ್ಳೆಯ ಸಂಗೀತ ಕೇಳಿದರೆ ಒಂದೊಂದು ರೋಮದ ಬುಡವನ್ನೂ ಎಳೆದು ನಿಲ್ಲಿಸುತ್ತಿವೆ.

ಹೃದಯದ್ದು ಮೂರನೆಯ ಜಾತಿ. ಪಟ್ಟೆ ಐಚ್ಛಿಕದವರ ಹಾಗೆ, ಸ್ವಭಾವ ಅನೈಚ್ಛಿಕದವರ ಹಾಗೆ. ಕವಲೊಡೆದ ಕೋಶಗಳು ಒಂದಕ್ಕೊಂದು ತಗುಲಿಕೊಂಡಿರುವುದರಿಂದ ಒಂದರ ಮಿಡಿತ ಪಕ್ಕದ್ದಕ್ಕೆ ದಾಟುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಬಡಿತ, ಭಾನುವಾರವಿಲ್ಲ, ಗಳಿಕೆ ರಜೆ ಇಲ್ಲ. ನಾನೇನೋ ನಿವೃತ್ತಳಾಗಿ ಪಿಂಚಣಿ ತೆಗೆದುಕೊಳ್ಳುತ್ತಿದ್ದೇನೆ.

ನಮ್ಮ ಅಣ್ಣನ ಮಗ ಮಾತ್ರ ಆಜ್ಞಾಧಾರಕರ ಮೇಲೆ ಇನ್ನೂ ನಂಬಿಕೆ ಕಳೆದುಕೊಂಡಿಲ್ಲ. ಬಂದಾಗಲೆಲ್ಲ ನನ್ನ ಹೊಲಿಗೆ ಟೇಪು ತೆಗೆದು ತೋಳು ಅಳೆದುಕೊಳ್ಳುತ್ತಾನೆ. ಒಮ್ಮೆ ಬ್ಯಾಗಿನಿಂದ ಡಬ್ಬಿ ತೆಗೆದು, “ಅತ್ತೆ, ಇದು ಕ್ರಿಯಾಟಿನ್. ಇದೆಲ್ಲ ನಿಮ್ಮ ಕಾಲದಲ್ಲಿ ಇರಲಿಲ್ಲ” ಎಂದ. ನಮ್ಮ ಕಾಲವೇಕೆ, ನಮ್ಮಪ್ಪನ ಕಾಲದಲ್ಲೇ ಇತ್ತು ಕೂತ್ಕೋ ಎಂದೆ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಹಾರ್ವರ್ಡಿಗೆ ಹೋಗಿ, ಫಿಸ್ಕೆ ಎಂಬವರ ಜೊತೆ ದುಡಿದು, ಸ್ನಾಯುವಿನಲ್ಲಿ ಕ್ರಿಯಾಟಿನ್ ಫಾಸ್ಫೇಟ್ ಇರುವುದನ್ನು 1927ರಲ್ಲಿ ತೋರಿಸಿದರು. 1929ರಲ್ಲಿ ಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿಯನ್ನೂ ಬೇರ್ಪಡಿಸಿದರು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಲೋಮನ್ ಕೂಡ ಅದನ್ನೇ ಕಂಡುಕೊಂಡಿದ್ದರು. ಬೆರಳು ಮಡಚುವುದರಿಂದ ಹಿಡಿದು ಹೃದಯ ಬಡಿಯುವವರೆಗೆ ಎಲ್ಲ ಖರ್ಚೂ ಎಟಿಪಿಯ ಲೆಕ್ಕಕ್ಕೇ. ಅಂಥವರಿಗೆ ಹಾರ್ವರ್ಡ್ ಕಾಯಂ ಕೆಲಸ ಕೊಡಲಿಲ್ಲ. ಹುಡುಗ ಎಲ್ಲವನ್ನೂ ಕೇಳಿ, “ಹೌದಾ ಅತ್ತೆ, ಈ ಡಬ್ಬಿ ಮೇಲೆ ಅವರ ಹೆಸರೇ ಇಲ್ವಲ್ಲ” ಎಂದು ಚೀಟಿ ಅಂಟಿಸಿದ ಮುಚ್ಚಳವನ್ನೂ ತಿರುಗಿಸಿ ನೋಡಿದ.

ಇನ್ನು ಸ್ನಾಯು ಸಂಕುಚಿಸುವ ಬಗೆ. ನಂಜನಗೂಡಿನ ನಮ್ಮ ಹಿತ್ತಲಿನಲ್ಲಿ ಅಮ್ಮ ಬಾವಿ ಸೇದುವುದನ್ನು ನೋಡಿದವರಿಗೆ ಈ ಪಾಠ ಬೇಕಾಗಿಯೇ ಇರಲಿಲ್ಲ. ಒಂದು ಕೈ ಹಗ್ಗ ಹಿಡಿದು ಎದೆಯವರೆಗೆ ಎಳೆಯುತ್ತಿತ್ತು. ಇನ್ನೊಂದು ಕೈ ಮುಂದೆ ಹೋಗಿ ಹಗ್ಗ ಹಿಡಿದ ಮೇಲೆ ಮೊದಲಿನ ಕೈ ಬಿಡುತ್ತಿತ್ತು. ಹಗ್ಗ ಗಿಡ್ಡವಾಗಲಿಲ್ಲ, ಅಮ್ಮನ ಕೈಯೂ ಗಿಡ್ಡವಾಗಲಿಲ್ಲ. ಕೊಡ ಮಾತ್ರ ಮೇಲೆ ಬಂತು. ಸ್ನಾಯುವಿನ ಎಳೆಯೊಳಗೂ ನಡೆಯುವುದು ಇಷ್ಟೇ. ನರದ ಸಂದೇಶ ಬಂದೊಡನೆ ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಹೊರಗೆ ನುಗ್ಗುತ್ತದೆ. ಆಗ ಮಯೋಸಿನ್ ಎಂಬ ದಪ್ಪ ತಂತುವಿನ ಪುಟ್ಟ ತಲೆಗಳು ಆಕ್ಟಿನ್ ಎಂಬ ತೆಳು ತಂತುವನ್ನು ಹಿಡಿದು, ಎಳೆದು, ಬಿಟ್ಟು, ಮುಂದೆ ಹೋಗಿ ಮತ್ತೆ ಹಿಡಿಯುತ್ತವೆ. ತಂತುಗಳ ಉದ್ದ ಇದ್ದಷ್ಟೇ ಇರುತ್ತದೆ, ಒಂದರ ಪಕ್ಕ ಒಂದು ಜಾರಿಕೊಳ್ಳುತ್ತವೆ ಅಷ್ಟೆ. 1954ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದನ್ನು ಎರಡು ತಂಡಗಳು ಹೇಳಿದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಈ ಇಬ್ಬರು ಹಕ್ಸ್‌ಲಿಗಳು ನೆಂಟರೂ ಅಲ್ಲ, ದಾಯಾದಿಗಳೂ ಅಲ್ಲ. ಉತ್ತರಪತ್ರಿಕೆಗಳಲ್ಲಿ ಮಾತ್ರ ಇಬ್ಬರೂ ಒಬ್ಬರೇ ಆಗಿಬಿಡುತ್ತಿದ್ದರು.

ಇದರಲ್ಲಿ ನನಗೆ ಇಂದಿಗೂ ಸೋಜಿಗವೆನಿಸುವುದು ಬಿಡುವ ಭಾಗ. ಮಯೋಸಿನ್ ತಲೆ ಆಕ್ಟಿನ್ನಿನಿಂದ ಕೈ ಬಿಡಬೇಕಾದರೆ ಒಂದು ಹೊಸ ಎಟಿಪಿ ಬಂದು ಅದಕ್ಕೆ ಅಂಟಬೇಕು. ಚೆಲ್ಲಿದ ಕ್ಯಾಲ್ಸಿಯಂ ಅನ್ನು ಮತ್ತೆ ಉಗ್ರಾಣಕ್ಕೆ ತುಂಬಲೂ ಎಟಿಪಿಯೇ ಬೇಕು. ಹಿಡಿದದ್ದು ಹಿಡಿದ ಹಾಗೇ ಇರುವುದಕ್ಕಿಂತ ಸಡಿಲಿಸುವುದಕ್ಕೆ ಖರ್ಚು ಜಾಸ್ತಿ ಎಂದು ಮಕ್ಕಳಿಗೆ ಹೇಳಿದರೆ ಅವರು ಪರೀಕ್ಷೆಗೆ ಬರುತ್ತಾ ಎಂದು ಕೇಳುತ್ತಿದ್ದರು. ಅಮ್ಮ ಹೋದ ದಿನ ಮನೆಯಲ್ಲಿ ಯಾರಿಗೂ ಏನೂ ತೋಚದೆ ಕೂತಿದ್ದಾಗ ಪಕ್ಕದ ಮನೆಯ ಅಜ್ಜಿ ಬಂದು, “ಬೇಗ ಕಾಲು ನೀಡಿಸ್ರೇ, ಹೆಬ್ಬೆರಳು ಕಟ್ರೇ, ಆಮೇಲೆ ಆಗಲ್ಲ” ಎಂದು ಗದರಿದಳು. ಆ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಉಸಿರು ನಿಂತ ಮೇಲೆ ಎಟಿಪಿ ಮುಗಿಯುತ್ತದೆ, ತಲೆಗಳು ಹಿಡಿದದ್ದನ್ನು ಬಿಡಲಾರವು, ಎರಡು ಮೂರು ಗಂಟೆಯಲ್ಲಿ ರೆಪ್ಪೆ ದವಡೆಗಳಿಂದ ಶುರುವಾಗಿ ಮೈ ಸೆಟೆಯುತ್ತದೆ, ಒಂದೆರಡು ದಿನದ ಮೇಲೆ ಪ್ರೋಟೀನುಗಳೇ ಶಿಥಿಲವಾಗಿ ಬಿಗಿ ತಪ್ಪುತ್ತದೆ ಎಂಬ ನನ್ನ ವಿಜ್ಞಾನ ಆ ಹೊತ್ತಿನಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಅಮ್ಮನ ಬಲಗೈ ಇನ್ನೂ ಬೆಚ್ಚಗೆ, ಮೆತ್ತಗಿತ್ತು. ಕೊನೆಯ ವರ್ಷಗಳಲ್ಲಿ ಆ ಕೈಗೆ ಮುಲಾಮಿನ ಮುಚ್ಚಳವೂ ತಿರುಗುತ್ತಿರಲಿಲ್ಲ; ತಿರುಗಿಸಿಕೊಡು ಎನ್ನಲು ಸಂಕೋಚವಾಗಿ, ಇವತ್ತು ನೋವು ಕಡಿಮೆ ಎನ್ನುತ್ತಿದ್ದಳು.

ಈಗ ನನ್ನ ಸರದಿ ಎಂಬಂತೆ ರಾತ್ರಿ ಹೊತ್ತು ಮೀನಖಂಡ ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿ ಯಾರೂ ಕೇಳದಿದ್ದರೂ ಕಾಲಿನ ನರ ಒಂದೇ ಸಮನೆ ಆಜ್ಞೆ ಕೊಡುತ್ತದೆ, ಸ್ನಾಯು ಕಲ್ಲಾಗುತ್ತದೆ, ನಾನು ಚೀರುತ್ತೇನೆ. ನಮ್ಮ ಯಜಮಾನರು ದೀಪ ಹಾಕಿ, “ಬಾಳೆಹಣ್ಣು ತರ್ಲೇನೇ?” ಎನ್ನುತ್ತಾರೆ. ಯಾವ ಸ್ನಾಯುವಿಗೂ ಎಳೆಯಲು ಬರುತ್ತದೆಯೇ ಹೊರತು ತಳ್ಳಲು ಬಾರದು. ತನ್ನನ್ನು ತಾನು ಹಿಗ್ಗಿಸಿಕೊಳ್ಳಲೂ ಬಾರದು, ಎದುರಿನವನೇ ಎಳೆಯಬೇಕು. ಆದ್ದರಿಂದ ನಿಮಗೂ ಹಾಗೆ ಹಿಡಿದುಕೊಂಡರೆ ಗಾಬರಿಯಾಗಬೇಡಿ. ಮಂಡಿ ನೇರ ಮಾಡಿ, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದು, ಬಿಗಿ ಇಳಿಯುವವರೆಗೆ ಹಾಗೇ ಇರಿ. ಬಾಳೆಹಣ್ಣನ್ನು ಬೆಳಿಗ್ಗೆ ತಿಂದರೂ ನಡೆಯುತ್ತದೆ.